ಗುರುವಿಲ್ಲದೆ ಕಲಿತ ಜಲವರ್ಣ, ಗೋಡೆಗೆ ಏರುವ ತನಕ

ಭಾನುವಾರ ಒಟ್ಟಿಗೆ ಕೂತು ಚಿತ್ರ ಬಿಡಿಸುವ ನಮ್ಮ ಬಳಗದ ವಾರ್ಷಿಕ ಪ್ರದರ್ಶನ ಈಗಷ್ಟೇ ಮುಗಿದಿದೆ. ಗೋಡೆಯಿಂದ ಇಳಿಸಿದ ಚಿತ್ರಗಳು ಇನ್ನೂ ಬಬಲ್ ರ್‍ಯಾಪ್‌ನಲ್ಲೇ ಇವೆ. ನೆನಪು ಹಸಿಯಾಗಿರುವಾಗಲೇ ಎಲ್ಲ ಬರೆದಿಡೋಣ ಅಂತ ಕೂತಿದ್ದೇನೆ. ಜಲವರ್ಣ ಬಿಡಿಸುವುದು ಹೇಗೆ ಅಂತ ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಬಿಡಿಸಿದ ಮೇಲೆ ಆ ಹಾಳೆಯನ್ನು ಏನು ಮಾಡಬೇಕು ಅಂತ ಹೇಳುವವರು ತುಂಬಾ ಕಡಿಮೆ. ಕಲಾಶಾಲೆಗೆ ಹೋದವರಿಗೆ ಅದೆಲ್ಲ ಮೇಷ್ಟ್ರಿಂದಲೋ ಸೀನಿಯರ್‌ಗಳಿಂದಲೋ ಸಿಕ್ಕಿರುತ್ತದೆ. ಒಬ್ಬರೇ ಕೂತು ಕಲಿತವರಿಗೆ ಹೇಳುವವರು ಯಾರು? ನನಗೆ ಹೇಳಿದ್ದು ನಮ್ಮ ಬಳಗದ ಹಿರಿಯರು. ಅವರಿಂದ ಕೇಳಿದ್ದು, ನಾನೇ ಓಡಾಡಿ ತಿಳಿದಿದ್ದು ಎರಡನ್ನೂ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಸ್ವಲ್ಪ. ಚಿತ್ರಕಲೆಯ ಡಿಪ್ಲೊಮಾ ಮಾಡಿದವಳಲ್ಲ ನಾನು. ಲೆಕ್ಕಪತ್ರದ ಕೆಲಸ ನನ್ನದು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕಲಿತದ್ದು. ಎಣ್ಣೆಬಣ್ಣಕ್ಕೆ ಜಾಗ ಬೇಕು, ವಾಸನೆ ಬರುತ್ತದೆ, ಒಣಗಲು ದಿನಗಟ್ಟಲೆ ಬೇಕು. ಜಲವರ್ಣಕ್ಕೆ ಒಂದು ಲೋಟ ನೀರು, ಒಂದು ಡಬ್ಬಿ ಬಣ್ಣ ಸಾಕು. ಹಾಗಂತ ಅದು ಸುಲಭ ಅಲ್ಲ. ಇಲ್ಲಿ ಬಿಳಿ ಅಂದರೆ ಕಾಗದದ ಬಿಳಿಯೇ, ಅದನ್ನು ಮೊದಲೇ ಯೋಚನೆ ಮಾಡಿ ಉಳಿಸಿಕೊಳ್ಳಬೇಕು. ಒದ್ದೆಯಿದ್ದಾಗ ಗಾಢವಾಗಿ ಕಂಡ ಬಣ್ಣ ಒಣಗಿದ ಮೇಲೆ ತೆಳುವಾಗಿಬಿಡುತ್ತದೆ. ಅರ್ಧ ಒಣಗಿದ ವಾಶ್ (ನೀರು ಬೆರೆಸಿ ಬಳಿದ ತೆಳು ಬಣ್ಣದ ಪದರ) ಮೇಲೆ ನೀರು ತುಂಬಿದ ಬ್ರಷ್ ತಾಗಿದರೆ ಹೂಕೋಸಿನ ಅಂಚಿನ ಹಾಗೆ ಕಲೆ ಹರಡುತ್ತದೆ. ಅಲ್ಟ್ರಾಮರೀನ್ ನೀಲಿ, ಕೆಂಪು ಮಿಶ್ರಿತ ಕಂದಿನ ಬರ್ನ್ಟ್ ಸಿಯೆನಾ, ಮಣ್ಣಿನ ಹಳದಿಯ ಯೆಲ್ಲೋ ಓಕರ್, ಈ ಮೂರೇ ಬಣ್ಣ ಇಟ್ಟುಕೊಂಡು ಬಹಳ ಕಾಲ ಅಭ್ಯಾಸ ಮಾಡಿದೆ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನಾ ಬೆರೆಸಿದರೆ ತೆಳು ಬೂದು ಬಣ್ಣದಿಂದ ಹಿಡಿದು ಕಪ್ಪಿಗೆ ಹತ್ತಿರದವರೆಗೆ ಎಲ್ಲ ಸಿಗುತ್ತದೆ. ಕಪ್ಪು ಟ್ಯೂಬ್ ನಾನು ಇವತ್ತಿಗೂ ಕೊಂಡಿಲ್ಲ.

ಖರ್ಚಿನ ವಿಷಯಕ್ಕೆ ಇಲ್ಲೇ ಒಂದು ಮಾತು. ಹೊಸಬರು ಬಣ್ಣಕ್ಕೂ ಬ್ರಷ್‌ಗೂ ದುಡ್ಡು ಸುರಿದು ಕಾಗದದಲ್ಲಿ ಉಳಿಸಲು ನೋಡುತ್ತಾರೆ. ಅದನ್ನು ಉಲ್ಟಾ ಮಾಡಿ ಅಂತ ನಾನು ಹೇಳುತ್ತೇನೆ. ನೂರಕ್ಕೆ ನೂರು ಹತ್ತಿಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಕಾಗದ ತಗೊಳ್ಳಿ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ನೀರು ಬೇಗ ಒಣಗುತ್ತದೆ, ಬಳಿದ ಬಣ್ಣವನ್ನು ಒದ್ದೆ ಬ್ರಷ್‌ನಿಂದ ತೆಗೆಯಲು ಹೋದರೆ ಕಾಗದದ ಮೇಲ್ಮೈ ಏಳುತ್ತದೆ, ಆಗ ತಪ್ಪು ನಮ್ಮ ಕೈಯದ್ದೋ ಕಾಗದದ್ದೋ ಅಂತಲೇ ಗೊತ್ತಾಗುವುದಿಲ್ಲ. 22×30 ಇಂಚಿನ ಪೂರ್ತಿ ಹಾಳೆ ಕೊಂಡು ನಾಲ್ಕು ತುಂಡು ಮಾಡಿದರೆ 11×15 ಇಂಚಿನ ಹಾಳೆಗಳು ಸಿಗುತ್ತವೆ. ಪ್ಯಾಡ್ ಕೊಳ್ಳುವುದಕ್ಕಿಂತ ಇದು ಕಡಿಮೆಗೆ ಬೀಳುತ್ತದೆ. ನಮ್ಮ ಬಳಗದಲ್ಲಿ ಒಟ್ಟಿಗೆ ತರಿಸಿ ಹಂಚಿಕೊಳ್ಳುತ್ತೇವೆ, ಅದರಿಂದ ಇನ್ನೂ ಉಳಿತಾಯ.

ಸ್ಫೂರ್ತಿ ಯಾರಿಂದ ಅಂತ ಪ್ರದರ್ಶನದಲ್ಲಿ ಎಲ್ಲರೂ ಕೇಳಿದರು. ವಿನ್ಸ್ಲೋ ಹೋಮರ್ ಅಂತ ಹೇಳಿದೆ. 1836ರಲ್ಲಿ ಹುಟ್ಟಿದ ಅಮೆರಿಕದ ಕಲಾವಿದ, ಬಹುಮಟ್ಟಿಗೆ ತಾವೇ ಕಲಿತವರು. ತಾಯಿ ಹವ್ಯಾಸಕ್ಕೆ ಜಲವರ್ಣ ಬಿಡಿಸುತ್ತಿದ್ದರು. ಮಗ ಲಿಥೋಗ್ರಾಫ್ (ಕಲ್ಲಚ್ಚು) ಮುದ್ರಕರ ಹತ್ತಿರ ಕೆಲಸಕ್ಕೆ ಸೇರಿ, ಪತ್ರಿಕೆಗಳಿಗೆ ಚಿತ್ರ ಮಾಡಿ ಬದುಕಿ, ಜಲವರ್ಣವನ್ನು ಗಂಭೀರವಾಗಿ ಹಿಡಿದದ್ದು 1873ರಲ್ಲಿ. ಅಷ್ಟು ಹೊತ್ತಿಗೆ ವಯಸ್ಸು ಮೂವತ್ತೈದು ದಾಟಿತ್ತು. ಅವರ ಕಡಲಿನ ಚಿತ್ರಗಳಲ್ಲಿ ಎಷ್ಟೋ ಕಡೆ ಬೆಳಕಿಗೆ ಕಾಗದವನ್ನು ಹಾಗೇ ಬಿಟ್ಟಿದ್ದಾರೆ, ಕೆಲವು ಕಡೆ ಒಣಗಿದ ಬಣ್ಣ ಕೆರೆದು ಬಿಳಿ ತೆಗೆದಿದ್ದಾರೆ. ಇನ್ನೊಬ್ಬರು ನಮ್ಮ ಕೆ. ವೆಂಕಟಪ್ಪನವರು. ಅವರು ಅವನೀಂದ್ರನಾಥ ಠಾಗೋರರ ಹತ್ತಿರ ಕಲಿತವರು, ನನ್ನ ಹಾಗೆ ಗುರುವಿಲ್ಲದವರಲ್ಲ. ಆದರೆ ಅವರ ಊಟಿ, ಕೊಡೈಕೆನಾಲ್ ಚಿತ್ರಗಳನ್ನು ನೋಡುತ್ತಾ ನಿಂತರೆ ಸಾಕು, ಆತುರ ತಾನಾಗಿ ಇಳಿಯುತ್ತದೆ.

ಇನ್ನು ಬಳಗದ ಕಥೆ. ಭಾನುವಾರ ಬೆಳಿಗ್ಗೆ ಕೆಲವರು ಮಡಚುವ ಸ್ಟೂಲ್ ಹಾಕಿಕೊಂಡು ಮರಗಳನ್ನೂ ಹಳೇ ಕಟ್ಟಡಗಳನ್ನೂ ಬಿಡಿಸುತ್ತಾ ಕೂತಿರುವುದನ್ನು ನಾನು ದೂರದಿಂದ ನೋಡುತ್ತಿದ್ದೆ. ಹತ್ತಿರ ಹೋಗಲು ಧೈರ್ಯ ಇರಲಿಲ್ಲ. ಒಂದು ದಿನ ಅಲ್ಲಿದ್ದ ಹಿರಿಯರೊಬ್ಬರು ತಾವೇ ಕರೆದರು. "ಬ್ಯಾಗಲ್ಲಿ ಬಣ್ಣ ಇದೆ ಅಲ್ವಾ? ಇಲ್ಲಿ ಕೂತ್ಕೊಳ್ಳಮ್ಮ, ನೆರಳಿದೆ." ಎಲ್ಲಿ ಕಲಿತಿದ್ದು ಅಂತ ಅವರು ಕೇಳಲೇ ಇಲ್ಲ. ನೀವೂ ಹೀಗೇ ದೂರ ನಿಂತಿದ್ದರೆ, ದಯವಿಟ್ಟು ಹತ್ತಿರ ಹೋಗಿ. ಇಂಥ ಗುಂಪುಗಳಲ್ಲಿ ಬ್ಯಾಂಕಿನವರು, ನಿವೃತ್ತರು, ವಿದ್ಯಾರ್ಥಿಗಳು, ಡಿಪ್ಲೊಮಾ ಆದವರು ಎಲ್ಲರೂ ಇರುತ್ತಾರೆ. ಬಿಡಿಸುತ್ತಾ ಕೂತಾಗ ಯಾರು ಯಾರು ಅಂತ ಗೊತ್ತಾಗುವುದೇ ಇಲ್ಲ.

ಕೊನೆಯಲ್ಲಿ ಎಲ್ಲರ ಚಿತ್ರವನ್ನೂ ನೆಲದ ಮೇಲೆ ಸಾಲಾಗಿ ಇಟ್ಟು ಮಾತಾಡುವುದು ನಮ್ಮಲ್ಲಿ ರೂಢಿ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಹೇಳಬೇಕು. ನನ್ನ ಸರದಿ ಬಂದಾಗ ಆ ಹಿರಿಯರು ಫೋನಿನಲ್ಲಿ ಚಿತ್ರದ ಫೋಟೋ ತೆಗೆದು, ಅದನ್ನು ಕಪ್ಪು ಬಿಳುಪು ಮಾಡಿ ತೋರಿಸಿದರು. ಇಡೀ ಚಿತ್ರ ಒಂದೇ ಬೂದು ಬಣ್ಣವಾಗಿತ್ತು. "ಬಣ್ಣ ಎಲ್ಲ ಚೆನ್ನಾಗಿ ಕೂತಿದೆ, ಬೆಳಕೆಲ್ಲಿದೆಯಮ್ಮ?" ಅಂದರು. ಅಲ್ಲಿ ನಕ್ಕು ತಲೆಯಾಡಿಸಿದೆ, ಮನೆಗೆ ಬಂದ ಮೇಲೆ ಅಳು ಬಂತು. ಆದರೆ ಇಷ್ಟು ವರ್ಷ ಯಾವ ವಿಡಿಯೋದಿಂದಲೂ ತಿಳಿಯದ್ದು ಆ ಒಂದು ಪ್ರಶ್ನೆಯಿಂದ ತಿಳಿಯಿತು. ಆಮೇಲೆ ಬಣ್ಣ ಮುಟ್ಟುವ ಮೊದಲು ಪೆನ್ಸಿಲ್ಲಿನಲ್ಲಿ ಬಿಳಿ, ಬೂದು, ಕಪ್ಪು ಅಂತ ಮೂರೇ ಭಾಗ ಮಾಡಿ ಬೆಂಕಿಪೊಟ್ಟಣದಷ್ಟು ಚಿಕ್ಕ ಚಿತ್ರ ಹಾಕಿಕೊಳ್ಳುವುದು ಅಭ್ಯಾಸವಾಯಿತು. ಇದೊಂದನ್ನು ನೀವೂ ಮಾಡಿ. ಐದು ನಿಮಿಷದ ಕೆಲಸ.

ಪ್ರದರ್ಶನಕ್ಕೆ ಅರ್ಜಿ ಹಾಕು ಅಂತ ಬಳಗದವರೇ ಹೇಳಿದ್ದು. ಅರ್ಜಿ ತೆಗೆದು ನೋಡಿದರೆ ಎರಡನೇ ಸಾಲಿನಲ್ಲೇ ಕಲಾ ಶಿಕ್ಷಣ ಅನ್ನುವ ಕಾಲಂ. ಅದನ್ನು ನೋಡಿ ಎಷ್ಟೋ ದಿನ ಅರ್ಜಿಯನ್ನೇ ಮುಚ್ಚಿಟ್ಟಿದ್ದೆ. ಕೊನೆಗೆ ವಿಚಾರಿಸಿದಾಗ ಗೊತ್ತಾಯಿತು, ತೀರ್ಪುಗಾರರಿಗೆ ಹೋಗುವುದು ಚಿತ್ರ ಮತ್ತು ಕ್ರಮಸಂಖ್ಯೆ ಮಾತ್ರ, ಹೆಸರೂ ಹೋಗುವುದಿಲ್ಲ, ಓದೂ ಹೋಗುವುದಿಲ್ಲ. ಸ್ವಂತವಾಗಿ ಕಲಿತಿದ್ದು ಅಂತ ಧೈರ್ಯವಾಗಿ ಬರೆದೆ. ಎಲ್ಲ ಕಡೆ ಹೀಗೇ ಇರುತ್ತದೆ ಅಂತಲ್ಲ, ಆದರೆ ಆ ಕಾಲಂ ನೋಡಿ ಹಿಂದೆ ಸರಿಯುವ ಮೊದಲು ಒಂದು ಸಲ ಕೇಳಿ ನೋಡಿ.

ಅದಕ್ಕಿಂತ ದೊಡ್ಡ ಷರತ್ತುಗಳು ಅರ್ಜಿಯ ಹಿಂಭಾಗದಲ್ಲಿದ್ದವು. ಚಿತ್ರ ಪೂರ್ತಿ ಸ್ವಂತದ್ದಾಗಿರಬೇಕು. ವಿಡಿಯೋ ನೋಡಿ ಮಾಡಿದ್ದು, ಕಾರ್ಯಾಗಾರದಲ್ಲಿ ಬೇರೆಯವರ ಮಾರ್ಗದರ್ಶನದಲ್ಲಿ ಮಾಡಿದ್ದು, ಅನುಮತಿಯಿಲ್ಲದೆ ಬೇರೆಯವರ ಫೋಟೋ ನೋಡಿ ಬಿಡಿಸಿದ್ದು ಯಾವುದೂ ನಡೆಯುವುದಿಲ್ಲ. ಜಲವರ್ಣ ಸಂಘಗಳಲ್ಲಿ ಇದು ಸಾಮಾನ್ಯ ನಿಯಮ. ನಮ್ಮಂಥವರಿಗೆ ಇದು ಕಷ್ಟ, ಯಾಕೆಂದರೆ ನಾವು ಕಲಿತದ್ದೇ ಹಾಗೆ, ನಮ್ಮ ಅತ್ಯಂತ ಚೆಂದದ ಚಿತ್ರಗಳಲ್ಲಿ ಅರ್ಧ ಯಾವುದೋ ವಿಡಿಯೋದ ಜೊತೆ ಕೂತು ಮಾಡಿದ್ದಾಗಿರುತ್ತವೆ. ಅವನ್ನೆಲ್ಲ ಪಕ್ಕಕ್ಕಿಟ್ಟಾಗ ಕೈಯಲ್ಲಿ ಉಳಿದದ್ದು ಸ್ವಲ್ಪವೇ. ಆದರೂ ನಿಯಮ ಸರಿಯಾಗಿದೆ ಅಂತಲೇ ನನಗನಿಸುತ್ತದೆ. ಕೆಲವು ಸಂಘಗಳು ಬಿಳಿ ಗೌಶ್ (ಕೆಳಗಿನದನ್ನು ಮುಚ್ಚುವ ದಪ್ಪ ಜಲವರ್ಣ) ಬಳಸಿದ ಚಿತ್ರವನ್ನೂ ತೆಗೆದುಕೊಳ್ಳುವುದಿಲ್ಲ, ಪಾರದರ್ಶಕ ಬಣ್ಣ ಮಾತ್ರ ಅನ್ನುತ್ತವೆ. ಅರ್ಜಿ ಹಾಕುವ ಮೊದಲು ಅದನ್ನು ಓದಿಕೊಳ್ಳಿ.

ಅರ್ಜಿಯ ಜೊತೆ ಕಳಿಸಲು ಚಿತ್ರದ ಫೋಟೋ ತೆಗೆಯುವುದರಲ್ಲಿ ಬಹಳ ಹೊತ್ತು ಹೋಯಿತು. ಬಲ್ಬಿನ ಬೆಳಕಿನಲ್ಲಿ ತೆಗೆದರೆ ಕಾಗದ ಹಳದಿ, ನೇರ ಬಿಸಿಲಿನಲ್ಲಿ ತೆಗೆದರೆ ತೆಳು ವಾಶ್‌ಗಳೇ ಮಾಯ. ಕೊನೆಗೆ ಕೆಲಸ ಮಾಡಿದ್ದು ಮೋಡದ ದಿನದ ಬೆಳಕು. ಹಾಳೆಯನ್ನು ಗೋಡೆಗೆ ಸಮವಾಗಿ ನಿಲ್ಲಿಸಿ, ಕ್ಯಾಮೆರಾ ಚಿತ್ರದ ನಡುಮಧ್ಯದ ಎತ್ತರಕ್ಕೇ ಇಟ್ಟು, ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆಯಿರಿ, ಆಗ ಅಂಚು ಬಾಗುವುದಿಲ್ಲ. ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಇಟ್ಟರೆ ಬಣ್ಣ ಸರಿಪಡಿಸಲು ಅನುಕೂಲ. ಫೋಟೋ ಮುಗಿಯುವ ತನಕ ಚಿತ್ರವನ್ನು ಫ್ರೇಮ್‌ಗೆ ಕೊಡಬೇಡಿ. ಗಾಜು ಬಂತೆಂದರೆ ನಿಮ್ಮ ಮುಖವೇ ಅದರಲ್ಲಿ ಕಾಣುತ್ತದೆ.

ಆಮೇಲೆ ಕಾಯುವುದು. ಅದು ಯಾವ ಷರತ್ತಿನಲ್ಲೂ ಬರೆದಿರುವುದಿಲ್ಲ. ಫಲಿತಾಂಶದ ದಿನ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡುವುದೇ ಕೆಲಸ. ಕೊನೆಗೆ ಬಂದದ್ದು ಎರಡು ಸಾಲು: ಆಯ್ಕೆಯಾಗಿಲ್ಲ, ಮುಂದಿನ ವರ್ಷ ಪ್ರಯತ್ನಿಸಿ. ಕಾರಣ ಇಲ್ಲ. ಕಾರಣ ತಿಳಿಯದೆ ಬೇಸರ ಜಾಸ್ತಿಯಾಯಿತು. ಕೆಲವು ವಾರ ಬ್ರಷ್ ಮುಟ್ಟಲಿಲ್ಲ. ಭಾನುವಾರದ ಗುಂಪಿಗೆ ಮಾತ್ರ ಹೋಗುತ್ತಿದ್ದೆ, ಸುಮ್ನೆ ಕೂತು ನೋಡುತ್ತಿದ್ದೆ. ಅಲ್ಲಿ ಗೊತ್ತಾಯಿತು, ನಾನು ದೊಡ್ಡವರೆಂದು ಭಾವಿಸಿದವರಿಗೂ ಆ ಎರಡು ಸಾಲು ಬಂದಿತ್ತು, ಒಬ್ಬರಿಗೆ ಅದೇ ವರ್ಷ.

ಆ ಬಿಡುವಿನಲ್ಲೇ ನಡೆದದ್ದು ಬೆಳಕಿನ ಪರೀಕ್ಷೆ, ನನ್ನ ಮಟ್ಟಿಗೆ ಇಡೀ ಪಯಣದಲ್ಲಿ ಮುಖ್ಯವಾದದ್ದು ಇದೇ. ಬಳಗದ ಹಿರಿಯಕ್ಕ ಒಬ್ಬರು ನನ್ನ ಗುಲಾಬಿ ಬಣ್ಣ ನೋಡಿ, "ಇದು ಎಷ್ಟು ವರ್ಷ ಇರುತ್ತೆ ಅಂತ ನೋಡಿದ್ದೀಯಾ?" ಅಂದರು. ಕೊಂಡವರ ಮನೆಯಲ್ಲಿ ಬಣ್ಣ ಹಾರಿಹೋದರೆ ಅದು ನಮ್ಮ ಜವಾಬ್ದಾರಿ ಅಲ್ವಾ ಅಂತ ಅವರ ಮಾತು. ಟ್ಯೂಬ್ ಮೇಲಿನ ಚೆಂದದ ಹೆಸರು ಬಿಟ್ಟು, ಚಿಕ್ಕ ಅಕ್ಷರದಲ್ಲಿರುವ ಪಿಗ್ಮೆಂಟ್ ಸಂಕೇತ, ಅಂದರೆ ಒಳಗೆ ಯಾವ ವರ್ಣದ್ರವ್ಯ ಇದೆ ಅಂತ ಹೇಳುವ ಸಂಖ್ಯೆ, ಓದಲು ಹೇಳಿಕೊಟ್ಟರು. ಪಿಬಿ 29 ಅಂದರೆ ಅಲ್ಟ್ರಾಮರೀನ್, ಪಿವೈ 43 ಅಂದರೆ ಯೆಲ್ಲೋ ಓಕರ್, ಎರಡೂ ಬೆಳಕಿಗೆ ಗಟ್ಟಿ. ಪಿಆರ್ 83 ಅಂದರೆ ಅಸಲಿ ಅಲಿಜರಿನ್ ಕ್ರಿಮ್ಸನ್ ಅನ್ನುವ ಗಾಢ ಕೆಂಪು, ಅದು ಬೆಳಕಿಗೆ ಮಾಸುತ್ತದೆ, ತೆಳುವಾಗಿ ಬಳಿದಷ್ಟೂ ಬೇಗ. ಹೊಳೆಯುವ ಒಪೆರಾ ಗುಲಾಬಿ ಅದಕ್ಕಿಂತ ಬೇಗ, ಯಾಕೆಂದರೆ ಅದರಲ್ಲಿ ಪ್ರತಿದೀಪ್ತಿ (ಫ್ಲೋರೊಸೆಂಟ್ ಹೊಳಪು) ಕೊಡುವ ಡೈ ಇರುತ್ತದೆ.

ಪರೀಕ್ಷೆ ಸುಲಭ. ನಿಮ್ಮ ಹತ್ತಿರವಿರುವ ಎಲ್ಲ ಬಣ್ಣವನ್ನೂ ಒಂದು ಹಾಳೆಯಲ್ಲಿ ಪಟ್ಟೆ ಪಟ್ಟೆಯಾಗಿ ಬಳಿಯಿರಿ, ಒಂದು ತುದಿ ಗಾಢ, ಇನ್ನೊಂದು ತುದಿ ತೆಳು. ಪ್ರತಿ ಪಟ್ಟೆಯನ್ನೂ ಉದ್ದಕ್ಕೆ ಎರಡು ಸೀಳಾಗಿ ಕತ್ತರಿಸಿ, ಒಂದು ಸೀಳನ್ನು ಪುಸ್ತಕದೊಳಗೆ ಕತ್ತಲಲ್ಲಿಡಿ, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಕೆಲವು ತಿಂಗಳು ಬಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇದು ಹೊಸ ವಿಚಾರವೇನಲ್ಲ. ಬೆಳಕಿನಿಂದ ಜಲವರ್ಣಕ್ಕೆ ಏನಾಗುತ್ತದೆ ಅಂತ ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಏಬ್ನಿ ಅನ್ನುವ ವಿಜ್ಞಾನಿಗಳು 1888ರಲ್ಲೇ ವರದಿ ಕೊಟ್ಟಿದ್ದರು. ನನ್ನ ಕಿಟಕಿಯ ಹಾಳೆಯಲ್ಲಿ ಒಪೆರಾದ ತೆಳು ತುದಿ ಬಹುತೇಕ ಬಿಳಿಯಾಗಿತ್ತು. ಅಲಿಜರಿನ್ ಅರ್ಧ ಉಳಿದಿತ್ತು. ಆ ಬಣ್ಣಗಳಿದ್ದ, ನನಗೆ ತುಂಬಾ ಇಷ್ಟವಾದ ಹೂಗಳ ಚಿತ್ರಗಳನ್ನು ಯಾರಿಗೂ ಕೊಡುವುದಿಲ್ಲ ಅಂತ ಆವತ್ತೇ ತೀರ್ಮಾನ ಮಾಡಿದೆ. ಸಂಕಟವಾಯಿತು ನಿಜ. ಈಗ ಗುಲಾಬಿಗೆ ಪಿವಿ 19 ಇರುವ ಕ್ವಿನಾಕ್ರಿಡೋನ್ ಬಳಸುತ್ತೇನೆ. ಕಿಟಕಿಯಲ್ಲಿ ಅದು ಹಾಗೇ ಇತ್ತು.

ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕಾಯುವುದು. ಈ ಸಲ ಆಯ್ಕೆಯಾಗಿದೆ ಅಂತ ಬಂತು! ಆಫೀಸಿನಲ್ಲಿದ್ದೆ, ಮೆಟ್ಟಿಲ ಹತ್ತಿರ ಹೋಗಿ ಒಬ್ಬಳೇ ನಿಂತು ಆ ಸಂದೇಶವನ್ನು ಮತ್ತೆ ಮತ್ತೆ ಓದಿದೆ.

ಖುಷಿ ಫ್ರೇಮ್ ಅಂಗಡಿಯ ತನಕ. ಅಲ್ಲಿಯ ಹುಡುಗ ಚಿತ್ರ ನೋಡಿ, "ಹಿಂದೆ ಪೂರ್ತಿ ಗೋಂದು ಹಾಕಿ ಬೋರ್ಡಿಗೆ ಒತ್ತಿಬಿಡ್ತೀನಿ ಮೇಡಂ, ಅಲ್ಲಾಡಲ್ಲ" ಅಂದ. ಬೇಡವೇ ಬೇಡ ಅಂದೆ. ಫೋಟೋಗೆ ಅದು ನಡೆಯಬಹುದು, ಜಲವರ್ಣಕ್ಕೆ ನಡೆಯುವುದಿಲ್ಲ. ಹವೆಯ ತೇವಕ್ಕೆ ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು. ಮೇಲಿನ ಅಂಚಿನಲ್ಲಿ ಮಾತ್ರ, ಜಪಾನಿ ಕಾಗದದ ಸಣ್ಣ ತುಂಡುಗಳನ್ನು ಗೋಧಿ ಪಿಷ್ಟದ ಅಂಟಿನಲ್ಲಿ ಅಂಟಿಸಿ ತೂಗುಹಾಕಬೇಕು. ಮುಂದೆ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಚೌಕಟ್ಟಿನಂತೆ ಕತ್ತರಿಸಿದ ದಪ್ಪ ರಟ್ಟು) ಬೇಕು. ಅದು ಅಂದಕ್ಕೆ ಮಾತ್ರ ಅಲ್ಲ, ಕಾಗದ ಗಾಜಿಗೆ ತಾಗದಂತೆ ಅಂತರ ಕೊಡುವುದೇ ಅದರ ಕೆಲಸ. ತಾಗಿದರೆ ಒಳಗೆ ತೇವ ಕೂತು ಬೂಸ್ಟು ಬರುತ್ತದೆ. ಸಾಮಾನ್ಯ ಬೋರ್ಡ್ ಹಾಕಿದರೆ ಕೆಲವು ವರ್ಷಕ್ಕೆ ಅಂಚು ಕಂದಾಗುತ್ತದೆ. ಸೆಲ್ಲೋಟೇಪ್ ಹತ್ತಿರವೂ ತರಬೇಡಿ, ಅದರ ಕಲೆ ಹೋಗುವುದಿಲ್ಲ. ಆಮ್ಲರಹಿತ ಬೋರ್ಡ್ ಅಂಗಡಿಯಲ್ಲಿ ಇರಲಿಲ್ಲ, ತರಿಸಲು ವಾರಗಟ್ಟಲೆ ಹಿಡಿಯಿತು. ಆದ್ದರಿಂದ ಆಯ್ಕೆಯಾದ ದಿನವೇ ಫ್ರೇಮ್ ಅಂಗಡಿಗೆ ಹೋಗಿ. ಬಣ್ಣ, ಕಾಗದ, ಅರ್ಜಿ ಶುಲ್ಕ ಎಲ್ಲ ಸೇರಿದರೂ ಫ್ರೇಮಿನ ಖರ್ಚಿನಷ್ಟಾಗಲಿಲ್ಲ. ಈ ದುಡ್ಡನ್ನು ಮೊದಲೇ ತೆಗೆದಿಟ್ಟುಕೊಂಡಿರಿ.

ಚಿತ್ರ ಅಲೆಅಲೆಯಾಗಿ ಸೊಟ್ಟಗಾಗಿದ್ದರೆ ಫ್ರೇಮಿಗೆ ಮೊದಲು ಮಟ್ಟ ಮಾಡಿಕೊಳ್ಳಿ. ಹಾಳೆಯ ಹಿಂಭಾಗಕ್ಕೆ ಮಾತ್ರ ತೆಳುವಾಗಿ ನೀರು ಸಿಂಪಡಿಸಿ, ಎರಡೂ ಕಡೆ ಸ್ವಚ್ಛ ಬ್ಲಾಟಿಂಗ್ ಪೇಪರ್ ಇಟ್ಟು, ಮೇಲೆ ಸಮತಟ್ಟಾದ ಹಲಗೆ, ಅದರ ಮೇಲೆ ಭಾರ. ಒಂದೆರಡು ದಿನ ತೆಗೆಯಬೇಡಿ.

ಚಿತ್ರ ಒಪ್ಪಿಸಲು ಹೋದಾಗ ಇನ್ನೊಂದು ತೊಡಕು. ಸಾಲಿನಲ್ಲಿ ಬಹಳ ಹೊತ್ತು ನಿಂತು ಕೌಂಟರ್ ತಲುಪಿದರೆ, ಹಿಂದೆ ಕೊಕ್ಕೆ ಇದೆ, ತಂತಿ ಬೇಕು ಅಂತ ವಾಪಸ್ ಕಳಿಸಿದರು. ಸೂಚನೆಯಲ್ಲಿ ತೂಗುಹಾಕಲು ಸಿದ್ಧವಾಗಿರಬೇಕು ಅಂತ ಮಾತ್ರ ಇತ್ತು. ನನ್ನ ಹಿಂದೆ ನಿಂತಿದ್ದವರದ್ದು ಇನ್ನೂ ಕಷ್ಟ, ಅವರದ್ದಕ್ಕೆ ಗಾಜು ಹಾಕಿತ್ತು, ಅಲ್ಲಿ ಗಾಜಿನ ಬದಲು ಹಾಕುವ ಅಕ್ರಿಲಿಕ್ ಹಾಳೆ (ಪಾರದರ್ಶಕ ಪ್ಲಾಸ್ಟಿಕ್) ಮಾತ್ರ ತೆಗೆದುಕೊಳ್ಳುತ್ತಿದ್ದರು. ಬಳಗದ ಒಬ್ಬರ ಚೀಲದಲ್ಲಿ ತಂತಿ, ಡಿ ರಿಂಗ್, ಸ್ಕ್ರೂಡ್ರೈವರ್ ಎಲ್ಲ ಇದ್ದವು, ಹೊರಗೆ ಕಟ್ಟೆಯ ಮೇಲೆ ಕೂತು ಹಾಕಿಕೊಟ್ಟರು. ಅಳತೆ ಅಂದರೆ ಫ್ರೇಮ್ ಸೇರಿಸಿಯೋ ಬಿಟ್ಟೋ, ಗಾಜೋ ಅಕ್ರಿಲಿಕ್ಕೋ, ತಂತಿಯೋ ಕೊಕ್ಕೆಯೋ, ಈ ಮೂರನ್ನೂ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು ಎತ್ತರಕ್ಕೆ ಬರುವಂತೆ ತೂಗುಹಾಕಿದರು. ಗ್ಯಾಲರಿಗಳಲ್ಲಿ ಅದು ಸಾಮಾನ್ಯ ಲೆಕ್ಕ, ನಿಂತವರ ಕಣ್ಣಿನ ಮಟ್ಟ. ದೀಪ ಮಾತ್ರ ನನ್ನ ಚಿತ್ರದ ಮೇಲೆ ನೇರವಾಗಿ, ಜೋರಾಗಿ ಬೀಳುತ್ತಿತ್ತು. ಮ್ಯೂಸಿಯಂಗಳಲ್ಲಿ ಜಲವರ್ಣಕ್ಕೆ ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣ ಅಳೆಯುವ ಮಾನ) ಬೆಳಕು ಸಾಕು ಅನ್ನುತ್ತಾರೆ. ಐರ್ಲೆಂಡಿನ ನ್ಯಾಷನಲ್ ಗ್ಯಾಲರಿಗೆ ಹೆನ್ರಿ ವಾನ್ ಅನ್ನುವವರು 1900ರಲ್ಲಿ ಇಂಗ್ಲೆಂಡಿನ ಹೆಸರಾಂತ ಕಲಾವಿದ ಟರ್ನರ್‌ನ 31 ಜಲವರ್ಣ ಮತ್ತು ರೇಖಾಚಿತ್ರಗಳನ್ನು ಬಿಟ್ಟುಹೋದಾಗ, ಬೆಳಕು ಕಡಿಮೆಯಿರುವ ಜನವರಿಯಲ್ಲಿ ಮಾತ್ರ ತೋರಿಸಬೇಕು ಅಂತ ಷರತ್ತು ಹಾಕಿದ್ದರು. ಅದಕ್ಕೇ ಆ ಬಣ್ಣಗಳು ಇನ್ನೂ ತಾಜಾ. ನಾನು ವಿನಂತಿ ಮಾಡಿದ್ದಕ್ಕೆ ದೀಪವನ್ನು ಪಕ್ಕಕ್ಕೆ ತಿರುಗಿಸಿದರು. ಸಂಕೋಚ ಪಡಬೇಡಿ, ಕೇಳಿ.

ಪ್ರದರ್ಶನದ ದಿನಗಳಲ್ಲಿ ನಿಂತು ನಿಂತು ಕಾಲು ನೋವು. ಬಂದವರಲ್ಲಿ ಹೆಚ್ಚಿನವರು ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ. ಒಬ್ಬ ತಾಯಿ ಮಗಳು ಮಾತ್ರ ನನ್ನ ಮಳೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಕೊನೆಗೆ ಅದನ್ನು ಕೊಂಡರು. ಬೆಲೆ ಇಡುವಾಗ ಕೈ ನಡುಗಿತ್ತು. ಬಳಗದವರ ಸಲಹೆ ಹೀಗಿತ್ತು: ಒಂದೇ ಅಳತೆಯ ಚಿತ್ರಗಳಿಗೆ ಒಂದೇ ಬೆಲೆ ಇಡು, ಇಷ್ಟದ್ದಕ್ಕೆ ಜಾಸ್ತಿ ಮಾಡಬೇಡ, ಫ್ರೇಮ್ ಖರ್ಚು ಮತ್ತು ಗ್ಯಾಲರಿಯ ಕಮಿಷನ್ ಕಳೆದು ಏನು ಉಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕು. ಆ ಲೆಕ್ಕ ಹಾಕದಿದ್ದರೆ ಚಿತ್ರ ಮಾರಿಯೂ ಕೈಯಿಂದ ದುಡ್ಡು ಹೋಗುತ್ತದೆ. ಕೊಂಡವರಿಗೆ ಒಂದು ಚೀಟಿ ಕೊಟ್ಟೆ. ಚಿತ್ರದ ಹೆಸರು, ವರ್ಷ, ಕಾಗದ, ಬಳಸಿದ ಬಣ್ಣಗಳ ಸಂಕೇತ, ಬಿಸಿಲು ಬೀಳುವ ಗೋಡೆಗೂ ಸ್ನಾನದ ಮನೆಯ ಪಕ್ಕದ ಗೋಡೆಗೂ ಹಾಕಬೇಡಿ ಅನ್ನುವ ಸೂಚನೆ. ಆ ಹುಡುಗಿ ಅದನ್ನು ಗಟ್ಟಿಯಾಗಿ ಓದಿ ಅಮ್ಮನಿಗೆ ಹೇಳುತ್ತಿದ್ದಳು, ಕೇಳಿ ತುಂಬಾ ಸಂತೋಷವಾಯಿತು. ಚಿತ್ರ ಕೊಟ್ಟ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಹೋಗುವುದಿಲ್ಲ, ಅದನ್ನೂ ಚೀಟಿಯಲ್ಲಿ ಬರೆಯಿರಿ. ಕೊಡುವ ಮೊದಲು ಒಳ್ಳೆಯ ಫೋಟೋ ಇಟ್ಟುಕೊಂಡಿರಿ.

ಮಾರಾಟವಾಗದ ಚಿತ್ರಗಳನ್ನು ಹೇಳಿದ ದಿನಕ್ಕೇ ವಾಪಸ್ ತನ್ನಿ, ತಡವಾದರೆ ಕೆಲವು ಕಡೆ ದಂಡ ಹಾಕುತ್ತಾರೆ. ಮನೆಯಲ್ಲಿ ಫ್ರೇಮ್ ಬಿಚ್ಚಿ, ಚಿತ್ರಗಳನ್ನು ಆಮ್ಲರಹಿತ ಹಾಳೆಗಳ ನಡುವೆ ಮಲಗಿಸಿ ಕತ್ತಲಲ್ಲಿಡಿ. ಸಿಲ್ವರ್‌ಫಿಶ್ ಹುಳಗಳಿಗೆ ಪಿಷ್ಟ, ಜಿಲಾಟಿನ್ ಅಂದರೆ ಇಷ್ಟ, ಒಳ್ಳೆಯ ಕಾಗದಕ್ಕೆ ಬಳಿದಿರುವುದೂ ಹೆಚ್ಚಾಗಿ ಜಿಲಾಟಿನ್ನೇ, ಆದ್ದರಿಂದ ಆಗಾಗ ತೆಗೆದು ನೋಡುತ್ತಿರಿ. ಫ್ರೇಮ್ ಮಾತ್ರ ಎಸೆಯಬೇಡಿ. ನಾನು 11×15ರ ಅಳತೆಗೇ ಮಾಡಿಸಿದ್ದರಿಂದ ಅವೇ ಫ್ರೇಮ್‌ಗಳು ಮುಂದಿನ ವರ್ಷಕ್ಕೂ ಆಗುತ್ತವೆ, ಮೌಂಟ್ ಒಂದು ಹೊಸದು ಬೇಕು. ಅದನ್ನು ಈ ಸಲ ಈಗಲೇ ಆರ್ಡರ್ ಮಾಡಿದ್ದೇನೆ.